ದೊಡ್ಡವರಿಗೆ ಒಂದು ಅರ್ಜಿ

ಬಾಯಲ್ಲಿ ಹತ್ತಿಯ ಉಂಡೆ ಇರುವಾಗ ಯಾರು ಏನು ಕೇಳಿದರೂ ಉತ್ತರ ಕೊಡಬಾರದು. ನೀರು ಸರಬರಾಜು ಕಚೇರಿಯ ದೂರು ಗುಮಾಸ್ತರು ಇಷ್ಟು ಎಚ್ಚರ ವಹಿಸಿದ್ದರೆ ಅವರ ಅತ್ತೆ ತುಂಬಿದ ಸಭೆಯಲ್ಲಿ ಬಿಕ್ಕಿ ಬಿಕ್ಕಿ ಅಳುವ ಪ್ರಸಂಗ ಬರುತ್ತಿರಲಿಲ್ಲ.

ಗುಮಾಸ್ತರು ಹತ್ತೊಂಬತ್ತು ವರ್ಷಗಳಿಂದ ಒಂದೇ ಮೇಜಿನ ಹಿಂದೆ ಕುಳಿತವರು. ನಲ್ಲಿಯಲ್ಲಿ ನೀರು ಬರುವುದಿಲ್ಲ ಎನ್ನುವವರ ದೂರನ್ನು ನೀಲಿ ಪುಸ್ತಕದಲ್ಲೂ, ನೀರು ನಿಲ್ಲುವುದೇ ಇಲ್ಲ ಎನ್ನುವವರ ದೂರನ್ನು ಕೆಂಪು ಪುಸ್ತಕದಲ್ಲೂ ಬರೆದುಕೊಂಡು, ಇಬ್ಬರಿಗೂ ಒಂದೇ ಧ್ವನಿಯಲ್ಲಿ "ನೋಡೋಣ" ಎನ್ನುವುದು ಅವರ ಕೆಲಸ. ಆ ಸೋಮವಾರ ಅವರ ಮೇಜಿಗೇ ಒಂದು ಕಾಗದ ಬಂತು. ಊರಿನಿಂದ ನಲವತ್ತು ಮೈಲಿ ದೂರದ ಗುಡ್ಡದ ಮೇಲಿನ ಜಲಾಶಯದ ಪಂಪ್‌ಹೌಸಿಗೆ ವರ್ಗಾವಣೆ. ಅಲ್ಲಿರುವುದು ಎರಡು ಪಂಪು, ಒಬ್ಬ ಕಾವಲುಗಾರ, ಮಿಕ್ಕಿದ್ದೆಲ್ಲ ನೀರು. ದೂರು ಹೇಳಲು ಕೂಡ ಒಬ್ಬರಿಲ್ಲದ ಜಾಗದಲ್ಲಿ ದೂರು ಗುಮಾಸ್ತನಿಗೇನು ಕೆಲಸ? ಗುಮಾಸ್ತರು ಹಲ್ಲು ಕಡಿದರು. ಮೂರು ದಿನ ಬಿಡದೆ ಕಡಿದದ್ದರಿಂದ ಗುರುವಾರ ಒಂದು ದವಡೆ ಹಲ್ಲು ಪಟ್ಟೆಂದು ಸೀಳಿತು.

ಹೀಗೆ ಅವರು ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಸೂರು ನೋಡುತ್ತ ಮಲಗಿದ್ದಾಗ, ಪಕ್ಕದ ಕೋಣೆಯಿಂದ ಪರಿಚಿತ ಧ್ವನಿಯೊಂದು ಕೇಳಿಸಿತು. ಅದು ವರ್ಗಾವಣೆಗೆ ಸಹಿ ಹಾಕಿದ ಇಂಜಿನಿಯರ್ ಸಾಹೇಬರ ಧ್ವನಿ.

"ಭಾನುವಾರ ತಪ್ಪದೆ ಬರ್ತೀನಿ ಡಾಕ್ಟ್ರೇ. ದೊಡ್ಡವರ ವಿಷಯ ಅಂದಮೇಲೆ ನಾನು ಬರದೆ ಇರ್ತೀನಾ? ಇವತ್ತು ನಾನೊಬ್ಬ ಮನುಷ್ಯ ಅಂತ ಆಗಿದ್ರೆ ಅದು ದೊಡ್ಡವರಿಂದ."

ಸಾಹೇಬರು ಹೊರಟುಹೋದರು. ಕುರ್ಚಿಯಲ್ಲಿದ್ದ ಗುಮಾಸ್ತರ ಎರಡೂ ಕಿವಿ ನೆಟ್ಟಗಾದವು. ಸಾಹೇಬರನ್ನೇ ಸಾಹೇಬರನ್ನಾಗಿ ಮಾಡಿದ ಈ ದೊಡ್ಡವರು ಯಾರು?

ಓದುಗರಿಗೆ ಗುಟ್ಟು ಹೇಳಿಬಿಡುತ್ತೇನೆ. ದೊಡ್ಡವರು ಎಂದರೆ ಒಬ್ಬ ಇಂಗ್ಲಿಷ್ ಕಾದಂಬರಿಕಾರರು. ದಪ್ಪದಪ್ಪನೆಯ ಹದಿನಾರು ಕಾದಂಬರಿ ಬರೆದು, ನೂರೈವತ್ತು ವರ್ಷಗಳ ಹಿಂದೆ ತಮ್ಮ ಪಾಡಿಗೆ ತಾವು ತೀರಿಕೊಂಡವರು. ಗುಮಾಸ್ತರ ಊರಿನಲ್ಲಿ ಅವರಿಗೊಂದು ಅಭಿಮಾನಿ ಸಂಘವಿತ್ತು. ಹಲ್ಲಿನ ಡಾಕ್ಟರು ಅದರ ಕಾರ್ಯದರ್ಶಿ. ಹೆಸರು ಪುಸ್ತಕದ ಮುಖಪುಟದ ಮೇಲಿದ್ದರೆ ಸಾಕು, ಅಭಿಮಾನಿಗಳು ಹೆಸರು ಹಿಡಿದು ಕರೆಯಕೂಡದು, "ದೊಡ್ಡವರು" ಎಂದೇ ಅನ್ನಬೇಕು ಎಂಬುದು ಸಂಘದ ಮೊದಲನೆಯ ನಿಯಮ. ಎರಡನೆಯ ನಿಯಮ ಬಿಸ್ಕತ್ತಿಗೆ ಸಂಬಂಧಿಸಿದ್ದು, ಅದು ನಮಗೆ ಬೇಡ.

ಡಾಕ್ಟರು ಗುಮಾಸ್ತರ ಬಾಯೊಳಗೆ ಹತ್ತಿ ತುರುಕಿ, ಯಂತ್ರ ಚಾಲೂ ಮಾಡಿ, ಎಲ್ಲ ಹಲ್ಲಿನ ಡಾಕ್ಟರುಗಳಂತೆ ಮಾತಿಗೆ ಶುರುವಿಟ್ಟರು.

"ಸಾಹೇಬರ ಮಾತು ಕೇಳಿಸ್ತಲ್ಲ? ನಿಮಗೂ ದೊಡ್ಡವರ ಪರಿಚಯ ಇದೆಯೋ?"

"ಆಂ?" ಎಂದರು ಗುಮಾಸ್ತರು. ಯಾರವರು ಎಂದು ಕೇಳುವುದು ಅವರ ಉದ್ದೇಶವಾಗಿತ್ತು.

"ಇದೆಯಾ! ಎಷ್ಟು ವರ್ಷದಿಂದ? ಚಿಕ್ಕಂದಿನಿಂದಲೇ?"

ಯಂತ್ರದ ಮೊನೆ ಹಲ್ಲಿನ ನರಕ್ಕೆ ತಗುಲಿತು. "ಆಆಆಂ!" ಎಂದು ಗುಮಾಸ್ತರು ಕುರ್ಚಿಯಿಂದ ಅರ್ಧ ಅಡಿ ಮೇಲೆದ್ದರು. ಕಣ್ಣಲ್ಲಿ ನೀರು ಧಾರೆಯಾಗಿ ಹರಿಯಿತು.

ಡಾಕ್ಟರು ಯಂತ್ರ ನಿಲ್ಲಿಸಿದರು. ಅವರ ಕಣ್ಣೂ ಒದ್ದೆಯಾಗಿತ್ತು. "ದೊಡ್ಡವರ ಹೆಸರೆತ್ತಿದ ಕೂಡಲೇ ಹೀಗೆ ಕಣ್ಣೀರು ಹಾಕಿದವರನ್ನ ನಾನು ನೋಡೇ ಇಲ್ಲ ಸ್ವಾಮಿ. ಭಾನುವಾರ ನೀವು ಬರಲೇಬೇಕು."

ಆಮೇಲೆ ಕೊಟ್ಟ ಸೂಜಿಯಿಂದ ಅರ್ಧ ಮುಖ ಮರಗಟ್ಟಿದ ಸ್ಥಿತಿಯಲ್ಲೇ ಗುಮಾಸ್ತರು ಮನೆಗೆ ಓಡಿದರು.

"ಏ, ಕೇಳಿಲ್ಲಿ! ವಗ್ಗಾವಣೆ ನಿಂತ ಹಾಗೇನೇ! ನಂಗೆ ಗೊಡ್ಡವರ ಪರಿಚಯ ಆಗಿದೆ!"

"ಯಾವ ಗೊಡ್ಡುರೀ?" ಎಂದಳು ಹೆಂಡತಿ.

"ಗೊಡ್ಡಲ್ಲ, ಗೊಡ್ಡವರು! ನಮ್ಮ ಸಾಹೇಬರಿಗೇ ಗೊಡ್ಡವರು!"

ಹಗ್ಗದ ಮೇಲಿನ ಬಟ್ಟೆ ತೆಗೆಯುತ್ತಿದ್ದ ಅತ್ತೆ, "ಹಲ್ಲು ಕೀಳಿಸ್ಕೊಂಡು ಬಾ ಅಂದ್ರೆ ಬುದ್ಧಿ ಕೀಳಿಸ್ಕೊಂಡು ಬಂದಿದಾರೆ ಅಳಿಯಂದಿರು" ಎಂದು ಮಗಳ ಕಿವಿಯಲ್ಲಿ ಇಡೀ ಮನೆಗೆ ಕೇಳುವ ಹಾಗೆ ಪಿಸುಗುಟ್ಟಿದರು. ಮರಗಟ್ಟಿದ್ದು ಬಿಡುವ ಹೊತ್ತಿಗೆ ದೊಡ್ಡವರು ಇನ್ನೂ ಸ್ವಲ್ಪ ದೊಡ್ಡವರಾಗಿದ್ದರು. ಅವರು ಗುಮಾಸ್ತರ ಬೆನ್ನು ತಟ್ಟಿದ್ದರು, ಚಿಕ್ಕಂದಿನ ಪರಿಚಯ ನೆನಪಿಸಿಕೊಂಡಿದ್ದರು. ಇದೆಲ್ಲ ಗುಮಾಸ್ತರು ಬೇಕೆಂದು ಹೇಳಿದ ಸುಳ್ಳಲ್ಲ; ಅತ್ತೆ ನಂಬದೆ ಇದ್ದಾಗ ಬಾಯಿಂದ ತಾನಾಗಿ ಹೊರಬೀಳುವ ಸುಳ್ಳು.

ಭಾನುವಾರದ ಸಭೆ ನಡೆದದ್ದು ಹಲ್ಲಿನ ಆಸ್ಪತ್ರೆಯ ಮಹಡಿಯಲ್ಲಿ. ಡಾಕ್ಟರು, ಇಂಜಿನಿಯರ್ ಸಾಹೇಬರು, ಗ್ರಂಥಾಲಯದ ಮೇಡಂ, ಔಷಧಿ ಅಂಗಡಿಯವರು ಮತ್ತು ಅವರ ಹೆಂಡತಿ. ಎಲ್ಲರ ನಡುವೆ ಒಂದು ಖಾಲಿ ಕುರ್ಚಿ. ಗುಮಾಸ್ತರು ಅದರ ಮೇಲೆ ಕೂರಲು ಹೋದಾಗ ಐದೂ ಜನ "ಅಯ್ಯಯ್ಯೋ" ಎಂದು ಕೂಗಿದರು.

"ಅದು ದೊಡ್ಡವರ ಕುರ್ಚಿ!"

"ಬರ್ತಾರಾ?" ಎಂದರು ಗುಮಾಸ್ತರು ನಡುಗುತ್ತ.

"ಅವರು ನಮ್ಮ ನಡುವೇನೇ ಇದಾರೆ ಅಂತ ತಿಳ್ಕೊಂಡು ಮಾತಾಡಬೇಕು" ಎಂದರು ಡಾಕ್ಟರು ಗಂಭೀರವಾಗಿ. ದೊಡ್ಡ ಮನುಷ್ಯರು ಎಲ್ಲೋ ಪರದೆಯ ಹಿಂದೆ ಕುಳಿತು ಕೇಳಿಸಿಕೊಳ್ಳುತ್ತಿದ್ದಾರೆ ಎಂದುಕೊಂಡ ಗುಮಾಸ್ತರು ಕಿಟಕಿಯ ಪರದೆಗೆ ಒಂದು ನಮಸ್ಕಾರ ಹಾಕಿದರು. ಅಲ್ಲಿಂದ ಮುಂದೆ ಅವರು ಕೇಳಿದ್ದೆಲ್ಲ ಮೈ ಜುಮ್ಮೆನ್ನಿಸುವಂಥದ್ದು.

"ಆ ಗಡಿಯಾರದ ಅಂಗಡಿಯವನಿಗೆ ಕೊನೇಲಿ ಅಷ್ಟೊಂದು ಆಸ್ತಿ ಕೊಡಿಸಿದ್ದು ದೊಡ್ಡವರ ಕರುಣೆ" ಎಂದರು ಔಷಧಿ ಅಂಗಡಿಯವರು.

"ಏನ್ ಕರುಣೆರೀ? ಅದಕ್ಕೋಸ್ಕರ ಅವನ ಚಿಕ್ಕಪ್ಪನ್ನ ಕೊಂದುಬಿಡೋದಾ?" ಎಂದಳು ಅವರ ಹೆಂಡತಿ.

ಗುಮಾಸ್ತರ ಕೈಯಲ್ಲಿದ್ದ ಬಿಸ್ಕತ್ತು ಟೀಯೊಳಗೆ ಮುಳುಗಿತು. "ಚಿಕ್ಕಪ್ಪನ್ನ... ದೊಡ್ಡವರೇ ಕೊಂದರಾ?"

"ಇನ್ನಾರು ಕೊಲ್ತಾರೆ?" ಎಂದರು ಗ್ರಂಥಾಲಯದ ಮೇಡಂ, ಕನ್ನಡಕ ಒರೆಸಿಕೊಳ್ಳುತ್ತ. "ಅಡ್ಡ ಬಂದವರನ್ನ ಅವರು ಇಟ್ಕೊಳ್ಳೋದೇ ಇಲ್ಲ. ಮೂರನೇ ಭಾಗದಲ್ಲಿ ಒಟ್ಟಿಗೆ ಆರು ಜನ. ಒಬ್ಬ ಪಾದ್ರಿನೂ ಸೇರಿ."

ನೀರು ಸರಬರಾಜು ಕಚೇರಿಯವರು ಊರನ್ನು ಐದು ಭಾಗಗಳಾಗಿ ಮಾಡಿರುತ್ತಾರೆ. ಮೂರನೇ ಭಾಗವೆಂದರೆ ಮಾರುಕಟ್ಟೆಯ ಹಿಂದಿನ ಬೀದಿಗಳು. ಅಲ್ಲಿ ಆರು ಜನರ ಕೊಲೆಯಾಗಿದೆ, ಒಂದು ದೂರು ಕೂಡ ದಾಖಲಾಗಿಲ್ಲ! ಆದರೂ ಅವರು ಧೈರ್ಯ ಮಾಡಿ ಸಾಹೇಬರ ಕಡೆ ತಿರುಗಿದರು.

"ಸಾರ್, ನನ್ನ ವರ್ಗಾವಣೆ ವಿಷಯ ದೊಡ್ಡವರ ಕಿವಿಗೆ..."

"ಇಲ್ಲಿ ಆಫೀಸಿನ ಮಾತು ಬೇಡ ಕಣ್ರೀ" ಎಂದರು ಸಾಹೇಬರು. "ಈ ಕೋಣೆಯಲ್ಲಿ ನಾನೂ ಇಲ್ಲ, ನೀವೂ ಇಲ್ಲ. ದೊಡ್ಡವರೊಬ್ಬರೇ."

ಕೊನೆಗೆ ಗುಮಾಸ್ತರು ಡಾಕ್ಟರನ್ನು ಮೆಟ್ಟಿಲ ಮೇಲೆ ಹಿಡಿದು ನಿಲ್ಲಿಸಿ, "ದೊಡ್ಡವರಿಗೆ ನಾನೊಂದು ಕಾಗದ ಬರೆದರೆ ತಲುಪಿಸ್ತೀರಾ?" ಎಂದು ಕೇಳಿದರು.

ಡಾಕ್ಟರು ಅವರ ಎರಡೂ ಕೈ ಹಿಡಿದುಕೊಂಡರು. "ದೊಡ್ಡವರಿಗೆ ಕಾಗದ! ಇಷ್ಟು ವರ್ಷ ನಮ್ಮ ಯಾರ ತಲೆಗೂ ಇದು ಹೊಳೀಲಿಲ್ಲ ನೋಡಿ! ಬರೀರಿ, ಮನೆಯವರೂ ಬರೀಲಿ, ಅಕ್ಕಪಕ್ಕದವರೂ ಬರೀಲಿ. ಮುಂದಿನ ತಿಂಗಳು ದೊಡ್ಡವರ ಹುಟ್ಟುಹಬ್ಬ ಇದೆ. ಆವತ್ತು ಎಲ್ಲಾನೂ ಅವರ ಪಾದಕ್ಕೇ ಅರ್ಪಿಸೋಣ."

ಸುದ್ದಿ ಗುಮಾಸ್ತರ ಕಟ್ಟಡವನ್ನು ಮುಟ್ಟಲು ಒಂದು ಸಂಜೆ ಸಾಕಾಯಿತು. ಎದುರು ಮನೆಯಲ್ಲಿ ಒಬ್ಬರು ನಿವೃತ್ತ ಕಸರತ್ತಿನ ಮೇಷ್ಟ್ರಿದ್ದರು. ಎಲ್ಲರೂ ಹತ್ತಿಳಿಯುವ ಮೆಟ್ಟಿಲ ಮೇಲೆ ಹನ್ನೊಂದು ಹೂವಿನ ಕುಂಡ ಇಟ್ಟುಕೊಂಡು, ಯಾರಾದರೂ ಎಡವಿದರೆ "ಕಾಲು ಎತ್ತಿ ನಡೀಬೇಕು!" ಎಂದು ಸೀಟಿ ಊದಿದಂತೆ ಕೂಗುವವರು. ಗುಮಾಸ್ತರು ಆರು ವರ್ಷಗಳಲ್ಲಿ ಒಂಬತ್ತು ಸಲ ಎಡವಿದ್ದರು.

"ಮೇಷ್ಟ್ರೇ, ಕುಂಡ ಸ್ವಲ್ಪ ಪಕ್ಕಕ್ಕಿಟ್ಕೊಳ್ಳಿ" ಎಂದಳು ಗುಮಾಸ್ತರ ಹೆಂಡತಿ, ಬೇಕೆಂದೇ ಮೆಲ್ಲಗೆ. "ನಮ್ಮನೆಯವರಿಗೆ ಬೇಕಾದವರೊಬ್ಬರು ದೊಡ್ಡವರು ಅಂತ ಇದಾರೆ. ಅವರಿಗೆ ಅಡ್ಡ ಬಂದವರನ್ನ ಕಂಡರೆ ಆಗಲ್ವಂತೆ. ಮೂರನೇ ಭಾಗದಲ್ಲಿ ಆರು ಜನ ಇದ್ದರಂತೆ... ಹೋಗ್ಲಿ ಬಿಡಿ, ನಮಗ್ಯಾಕೆ."

"ಇದ್ದರಂತೆ ಅಂದ್ರೆ? ಈಗ?" ಎಂದರು ಮೇಷ್ಟ್ರು.

ಹೆಂಡತಿ ಬಾಗಿಲು ಹಾಕಿಕೊಂಡಳು. ಮಾರನೆಯ ಬೆಳಿಗ್ಗೆ ಮೆಟ್ಟಿಲು ಖಾಲಿಯಾಗಿತ್ತು. ಒಂದು ಕುಂಡ ಮಾತ್ರ ಗುಮಾಸ್ತರ ಬಾಗಿಲ ಮುಂದೆ ಇತ್ತು. ಅದಕ್ಕೆ ಕೆಂಪು ರಿಬ್ಬನ್ ಕಟ್ಟಿ, "ವಿಶ್ವಾಸದ ಕಾಣಿಕೆ, ಎದುರು ಮನೆಯಿಂದ" ಎಂದು ಚೀಟಿ ಅಂಟಿಸಿದ್ದರು.

ಅಲ್ಲಿಂದ ಅರ್ಜಿಗಳ ಹೊಳೆ. ಮಹಡಿಯ ದರ್ಜಿಗೆ ಕಟಿಂಗ್ ಮೇಜು ಹಿಡಿಸುವಷ್ಟು ದೊಡ್ಡ ಅಂಗಡಿ ಬೇಕಿತ್ತು. ಕೆಳಗಿನ ಮನೆಯ ಪಿಟೀಲು ಮೇಡಂಗೆ ಮಹಡಿಯ ದರ್ಜಿಯ ಯಂತ್ರದ ಸದ್ದು ನಿಲ್ಲಬೇಕಿತ್ತು. ಮೇಷ್ಟ್ರು ತಮ್ಮ ಅರ್ಜಿಯಲ್ಲಿ ಏನೂ ಕೇಳಿರಲಿಲ್ಲ. "ನನ್ನಿಂದ ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ, ನನಗೆ ಸಂಸಾರವಿದೆ" ಎಂದಷ್ಟೇ ಬರೆದಿದ್ದರು. ಹತ್ತೊಂಬತ್ತು ವರ್ಷ ಕಂಡವರ ದೂರು ಬರೆದುಕೊಂಡ ಕೈ, ಗುಮಾಸ್ತರು ಎಲ್ಲ ಅರ್ಜಿಗಳಿಗೂ ನಂಬರು ಹಾಕಿ, ಎಲ್ಲರಿಗೂ "ನೋಡೋಣ" ಎಂದರು. ಆದರೆ ಈ "ನೋಡೋಣ" ಬೇರೆ. ಅದನ್ನು ಕೇಳಿದವರು ಕೈಮುಗಿದು ಹಿಂದಕ್ಕೆ ನಡೆದು ಹೋಗುತ್ತಿದ್ದರು.

ಕೊನೆಗೆ ಅತ್ತೆಯೂ ಬಂದರು. ಅಳಿಯನನ್ನು ಯಾವತ್ತೂ ನೇರವಾಗಿ ಮಾತಾಡಿಸದ ಅತ್ತೆ ಅಂದು ಕುರ್ಚಿ ಎಳೆದುಕೊಂಡು ಎದುರಿಗೇ ಕುಳಿತರು.

"ಅಳಿಯಂದಿರೇ, ನನ್ನ ಪಿಂಚಣಿ ಪುಸ್ತಕದಲ್ಲಿ ಗಂಡಸು ಅಂತ ಬರೆದುಬಿಟ್ಟಿದಾರಲ್ಲ..."

"ಗೊತ್ತು ಅತ್ತೆ."

"ಹನ್ನೊಂದು ವರ್ಷದಿಂದ ಗಂಡಸಾಗಿದೀನಿ. ಪ್ರತಿ ಸಲ ಹೋದಾಗ್ಲೂ ಆ ಕೌಂಟರಿನವನು 'ಯಜಮಾನ್ರು ಬರಲಿಲ್ವಾ' ಅಂತಾನೆ. ನಾನೇ ಕಣಪ್ಪಾ ಯಜಮಾನ ಅಂತೀನಿ. ನಗ್ತಾನೆ. ದೊಡ್ಡವರು ಒಂದು ಮಾತು ಹೇಳಿದ್ರೆ ಆಗಲ್ವಾ?" ಅತ್ತೆ ಕುರ್ಚಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡರು. "ಹೆಂಗಸಾಗೇ ಸಾಯಬೇಕು ಅಂತ ಆಸೆ."

ವರ್ಗಾವಣೆ ಹೋಗಲಿ, ಈ ಮುದುಕಿಯ ಕೆಲಸವೊಂದು ಆಗಿಬಿಡಲಿ ಎಂದುಕೊಂಡು ಗುಮಾಸ್ತರು ಅತ್ತೆಯ ಅರ್ಜಿಯನ್ನು ತಾವೇ ಮೂರು ಸಲ ತಿದ್ದಿ ಬರೆದು, ಮೇಲೆ "ತುರ್ತು" ಎಂದು ಕೆಂಪು ಮಸಿಯಲ್ಲಿ ಗೀಟು ಹಾಕಿದರು.

ಹುಟ್ಟುಹಬ್ಬದ ದಿನ ಗ್ರಂಥಾಲಯದ ಸಭಾಂಗಣ ತುಂಬಿತ್ತು. ಸಂಘದ ಚರಿತ್ರೆಯಲ್ಲಿ ಅದು ಹಿಂದೆಂದೂ ತುಂಬಿರಲಿಲ್ಲ. ಈ ಸಲ ಗುಮಾಸ್ತರ ಇಡೀ ಕಟ್ಟಡವೇ ಇಸ್ತ್ರಿ ಬಟ್ಟೆ ಹಾಕಿಕೊಂಡು ಬಂದಿತ್ತು. ಮುಂದಿನ ಸಾಲಿನಲ್ಲಿ ಹೆಂಡತಿ, ಹೂಗುಚ್ಛ ಹಿಡಿದ ಅತ್ತೆ, ಅವರ ಪಕ್ಕ ಬಾಗಿಲಿಗೆ ಹತ್ತಿರವಾದ ಕುರ್ಚಿ ಆರಿಸಿಕೊಂಡು ಕುಳಿತ ಮೇಷ್ಟ್ರು. ವೇದಿಕೆಯ ಮೇಲೆ ಖಾಲಿ ಕುರ್ಚಿ. ಅದರ ಹಿಂದೆ ನೀಲಿ ಬಟ್ಟೆ ಮುಚ್ಚಿದ ಆಳೆತ್ತರದ ಏನೋ ಒಂದು.

"ಅದರೊಳಗೇ ಇದಾರಾ?" ಎಂದು ಪಿಸುಗುಟ್ಟಿದರು ಮೇಷ್ಟ್ರು.

"ಕೊನೇಲಿ ಬಟ್ಟೆ ತೆಗೀತಾರಂತೆ" ಎಂದಳು ಗುಮಾಸ್ತರ ಹೆಂಡತಿ.

ಕೇಂದ್ರ ಸಂಘದಿಂದ ಒಬ್ಬ ಪ್ರೊಫೆಸರಮ್ಮ ಬಂದಿದ್ದರು. ದೊಡ್ಡವರ ಬಗ್ಗೆ ನಲವತ್ತು ವರ್ಷ ಪಾಠ ಹೇಳಿದವರು. ಡಾಕ್ಟರು ಅವರ ಕೈಗೆ ಕಾಗದದ ಕಟ್ಟು ಕೊಟ್ಟಿದ್ದರು. ಅವರು ಮೈಕಿನ ಮುಂದೆ ನಿಂತು ಹೇಳಿದರು: "ಇಲ್ಲಿನ ಜನ ದೊಡ್ಡವರಿಗೆ ಪತ್ರ ಬರೆದಿದ್ದಾರೆ. ರಾತ್ರಿಯೆಲ್ಲ ಓದಿದೆ. ಒಂದನ್ನು ಮಾತ್ರ ಇಲ್ಲಿ ಓದುತ್ತೇನೆ. 'ಮಾನ್ಯರೇ, ಹನ್ನೊಂದು ವರ್ಷಗಳಿಂದ ನನ್ನನ್ನು ಗಂಡಸು ಎಂದು ಬರೆಯಲಾಗಿದೆ. ನಾನು ಗಂಡಸಲ್ಲ ಎಂದು ಎಷ್ಟು ಹೇಳಿದರೂ ಯಾರೂ ಕೇಳುವುದಿಲ್ಲ. ನಗುತ್ತಾರೆ. ತಾವು ಮನಸ್ಸು ಮಾಡಿದರೆ ನಾನು ಹೆಂಗಸಾಗಬಹುದು. ತುರ್ತು.'" ಪ್ರೊಫೆಸರಮ್ಮ ಕಾಗದ ಕೆಳಗಿಟ್ಟರು. "ದೊಡ್ಡವರ ಹೆಣ್ಣು ಪಾತ್ರಗಳೆಲ್ಲ ಒಳಗೊಳಗೆ ಗಂಡಸರೇ ಅಂತ ಹೇಳೋದಕ್ಕೆ ನಾನು ನಾಲ್ಕುನೂರು ಪುಟ ಬರೆದೆ. ಈ ಮಹಾತಾಯಿ ಆರು ಸಾಲಲ್ಲಿ ಹೇಳಿಬಿಟ್ಟಿದಾರೆ. ಯಾರಿದು?"

"ನಾನೇ!" ಎಂದು ಅತ್ತೆ ಎದ್ದು ನಿಂತರು. "ಅದು ನನ್ನ ಅರ್ಜಿ! ಎಲ್ಲಿದಾರೆ ಅವರು? ಕರೀರಿ, ಹೂ ಬಾಡ್ತಾ ಇದೆ."

ಡಾಕ್ಟರು ಇದೇ ಒಳ್ಳೆಯ ಗಳಿಗೆ ಎಂದು ದಾರ ಎಳೆದರು. ನೀಲಿ ಬಟ್ಟೆ ಜಾರಿತು. ದೊಡ್ಡ ಗಡ್ಡದ, ನಿದ್ದೆಗೆಟ್ಟ ಕಣ್ಣಿನ ಒಬ್ಬ ಮನುಷ್ಯನ ಚಿತ್ರ. ಕೆಳಗೆ ಜನನದ ಇಸವಿ, ಮರಣದ ಇಸವಿ.

ಗುಮಾಸ್ತರು ಎರಡನೆಯ ಇಸವಿ ಓದಿದರು. ಕಣ್ಣುಜ್ಜಿಕೊಂಡು ಮತ್ತೆ ಓದಿದರು. ಒಂದು ತಿಂಗಳ ಮಾತುಗಳೆಲ್ಲ ಒಂದೊಂದಾಗಿ ತಲೆಯೊಳಗೆ ಸಾಲಾಗಿ ಬಂದು ನಿಂತವು.

"ಇವರೇನಾ? ಯಾವಾಗ ಬರ್ತಾರೆ?" ಅತ್ತೆ ಕೇಳುತ್ತಲೇ ಇದ್ದರು.

"ಅಮ್ಮಾ, ಅವರು ಹೋಗಿ ನೂರೈವತ್ತು ವರ್ಷ ಆಯ್ತಲ್ಲ" ಎಂದರು ಪ್ರೊಫೆಸರಮ್ಮ ಮೃದುವಾಗಿ.

ಅತ್ತೆಯ ಕೈಯಿಂದ ಹೂಗುಚ್ಛ ಜಾರಿತು. "ಹೋಗಿಬಿಟ್ರಾ! ನಮಗೊಂದು ಮಾತು ಹೇಳಬಾರದಾ! ಅಳಿಯಂದಿರು ನಿನ್ನೆ ಕೂಡ ಚೆನ್ನಾಗಿದಾರೆ ಅಂದ್ರಲ್ಲ! ಇನ್ನು ನನ್ನ ಗತಿ ಏನು?" ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗೊಳೋ ಎಂದು ಅತ್ತರು.

ಔಷಧಿ ಅಂಗಡಿಯವರ ಹೆಂಡತಿ ಅತ್ತಳು. ಅವಳು ಅತ್ತದ್ದು ನೋಡಿ ಔಷಧಿ ಅಂಗಡಿಯವರು ಅತ್ತರು. ಪ್ರೊಫೆಸರಮ್ಮ ಮೈಕಿನಲ್ಲೇ ಮೂಗು ಸೀದಿಕೊಂಡು, "ಸತ್ತು ನೂರೈವತ್ತು ವರ್ಷ ಆದ ಲೇಖಕನಿಗೆ ಮನೆಯವರು ಹೋದ ಹಾಗೆ ಅಳೋ ಓದುಗರು! ಕೇಂದ್ರ ಸಂಘದಲ್ಲಿ ನಾವು ಬರೀ ಚಪ್ಪಾಳೆ ತಟ್ಟಿದ್ದೇ ಬಂತು" ಎಂದರು.

ಮೇಷ್ಟ್ರೊಬ್ಬರಿಗೇ ಬೇರೆ ಯೋಚನೆ. "ಹಾಗಾದ್ರೆ ಮೂರನೇ ಭಾಗದ ಆರು ಜನ?"

"ಅದು ಪುಸ್ತಕದಲ್ಲಿ" ಎಂದರು ಗ್ರಂಥಾಲಯದ ಮೇಡಂ.

ಮೇಷ್ಟ್ರು ನಿಧಾನವಾಗಿ ಎದೆಯುಬ್ಬಿಸಿ ಕುಳಿತರು.

ಗುಮಾಸ್ತರನ್ನು ಡಾಕ್ಟರು ಎಳೆದು ಮೈಕಿನ ಮುಂದೆ ನಿಲ್ಲಿಸಿದರು. ಕೆಳಗೆ ಹೆಂಡತಿ ನೋಡುತ್ತಿದ್ದ ನೋಟದಲ್ಲಿ ಒಂದು ವರ್ಷಕ್ಕಾಗುವಷ್ಟು ಮಾತಿತ್ತು. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ ಎಂದು ಗುಮಾಸ್ತರು ಕೈ ಜೋಡಿಸಿದರು.

"ನನ್ನನ್ನ ಕ್ಷಮಿಸಿಬಿಡಿ. ನನಗೆ ದೊಡ್ಡವರು ಯಾರು ಅಂತಲೇ ಗೊತ್ತಿರಲಿಲ್ಲ. ಒಂದು ಪುಟಾನೂ ಓದಿಲ್ಲ. ನಿಜವಾಗಲೂ."

ಚಪ್ಪಾಳೆ ಶುರುವಾಯಿತು. ಪ್ರೊಫೆಸರಮ್ಮ ಎದ್ದು ನಿಂತು ತಟ್ಟಿದರು. "ನಲವತ್ತು ವರ್ಷ ಓದಿದ ಮೇಲೆ ನನಗೂ ಹಾಗೇ ಅನ್ನಿಸುತ್ತೆ. ಆದರೆ ಹೇಳೋ ವಿನಯ ನನಗಿರಲಿಲ್ಲ."

"ವಿನಯ ಅಲ್ಲಮ್ಮ, ಸತ್ಯ!" ಎಂದು ಗುಮಾಸ್ತರು ಕೂಗಿದರು. ಚಪ್ಪಾಳೆ ಇನ್ನೂ ಜೋರಾಯಿತು.

ಮರುದಿನ ಬೆಳಿಗ್ಗೆ ಮೆಟ್ಟಿಲ ಮೇಲೆ ಹದಿಮೂರು ಕುಂಡಗಳಿದ್ದವು. ಗುಮಾಸ್ತರು ನಾಲ್ಕನೆಯದಕ್ಕೆ ಎಡವಿ, ಕುಂಟುತ್ತ ಕಚೇರಿ ತಲುಪಿದರೆ, ಸಾಹೇಬರು ಬಾಗಿಲಿಗೇ ಬಂದು ಕೈಹಿಡಿದು ಒಳಗೆ ಕರೆದುಕೊಂಡು ಹೋದರು.

"ನಾನು ನಿಮ್ಮನ್ನ ತಪ್ಪು ತಿಳ್ಕೊಂಡಿದ್ದೆ ಕಣ್ರೀ. ನಿನ್ನೆ ನಿದ್ದೆ ಬರಲಿಲ್ಲ. ಒಂದು ಪುಟಾನೂ ಓದಿಲ್ಲ ಅಂದ್ರಲ್ಲ, ಅದರ ನೋವು ನನಗೆ ತಟ್ಟಿತು. ಈ ದೂರುಗಳ ನಡುವೆ ಓದೋಕೆ ಪುರುಸೊತ್ತೆಲ್ಲಿ? ನಿಮ್ಮ ವರ್ಗಾವಣೆ ರದ್ದು ಮಾಡಬೇಕು ಅಂತ ಮೇಲಿನವರು ಕಡತ ಕಳಿಸಿದ್ದರು."

"ಹೌದಾ ಸಾರ್!"

"ನಾನು ಬಿಡಲಿಲ್ಲ." ಸಾಹೇಬರು ನಗುತ್ತ ಬೆನ್ನು ತಟ್ಟಿದರು. "ಜಗಳ ಆಡಿ ಉಳಿಸಿದೀನಿ. ಜಲಾಶಯದ ಹತ್ತಿರ ಹಕ್ಕಿ ಸದ್ದು ಬಿಟ್ಟರೆ ಏನೂ ಇಲ್ಲ. ಹೋಗಿ, ಹಾಯಾಗಿ ಓದಿ. ಹದಿನಾರೂ ಕಾದಂಬರಿ ನನ್ನ ಸ್ವಂತದ್ದು, ಜೀಪಿಗೆ ಹಾಕಿಸಿದೀನಿ."

ಗುಮಾಸ್ತರು "ಆಂ" ಎಂದರು. ಈ ಸಲ ಬಾಯಲ್ಲಿ ಹತ್ತಿ ಇರಲಿಲ್ಲ.

ಹೀಗೆ ಅವರು ಹೆಂಡತಿ, ಅತ್ತೆ, ಹದಿನಾರು ಕಾದಂಬರಿಗಳ ಸಮೇತ ಗುಡ್ಡ ಹತ್ತಿದರು. ಪಂಪ್‌ಹೌಸಿನ ಪಕ್ಕ ಎರಡು ಕೋಣೆಯ ಮನೆ. ಮೊದಲ ವಾರ ಮೂವರೂ ನೀರು ನೋಡಿದರು. ಎರಡನೆಯ ವಾರ ನೋಡಿದ ನೀರನ್ನೇ ನೋಡಿದರು. ಮೂರನೆಯ ವಾರ ಅತ್ತೆ, "ನನ್ನ ಅರ್ಜಿ ಓದದೆ ಹೋದ ಆ ಗಡ್ಡದವನು ಅಷ್ಟೊಂದು ಏನು ಬರೆದಿದಾನೆ, ಓದಿ ನೋಡೋಣ" ಎಂದರು.

ಗುಮಾಸ್ತರು ನಿಘಂಟು ಪಕ್ಕಕ್ಕಿಟ್ಟುಕೊಂಡು ಓದಿ, ಅರ್ಥವಾದದ್ದನ್ನು ಹೇಳತೊಡಗಿದರು. ಒಂದೊಂದು ವಾಕ್ಯ ಅರ್ಧ ಪುಟ. ವಾಕ್ಯದ ತುದಿ ಸಿಗುವಷ್ಟರಲ್ಲಿ ಒಲೆಯ ಮೇಲೆ ಹಾಲು ಉಕ್ಕಿರುತ್ತಿತ್ತು. ಕಥೆಯಲ್ಲಿ ಟೋಪಿ ಅಂಗಡಿಯ ಒಬ್ಬ ಹುಡುಗಿ. ಅವಳನ್ನು ಮದುವೆಯಾಗಲು ಒಬ್ಬ ಕಾಲುವೆ ಇನ್ಸ್‌ಪೆಕ್ಟರು, ಒಬ್ಬ ಕೆಮ್ಮುವ ವಕೀಲ. ಅತ್ತೆ ಇನ್ಸ್‌ಪೆಕ್ಟರ ಕಡೆ, ನೀರಿನ ಇಲಾಖೆಯವನು ಎಂದು. ಹೆಂಡತಿ ವಕೀಲನ ಕಡೆ, ಅದೇ ಕಾರಣಕ್ಕೆ. ಕಾವಲುಗಾರನೂ ಬಾಗಿಲ ಹತ್ತಿರ ಸ್ಟೂಲು ಹಾಕಿಕೊಂಡು ಕೂರತೊಡಗಿದ. ಪಂಪು ಕೆಟ್ಟರೆ, "ಅಧ್ಯಾಯ ಮುಗೀಲಿ ಸ್ವಾಮಿ" ಎನ್ನುತ್ತಿದ್ದ. ಊರಿನಲ್ಲಿ ಎರಡು ದಿನ ನೀರು ಬರಲಿಲ್ಲ. ಯಾರೋ ನೀಲಿ ಪುಸ್ತಕದಲ್ಲಿ ಬರೆದುಕೊಂಡಿರಬೇಕು.

ಐದನೆಯ ತಿಂಗಳಿಗೆ ಸಾಹೇಬರ ಪತ್ರ ಬಂತು. ದೂರು ವಿಭಾಗ ಗುಮಾಸ್ತರಿಲ್ಲದೆ ಗೊಂದಲದಲ್ಲಿದೆ, ಹೊಸಬನಿಗೆ "ನೋಡೋಣ" ಎನ್ನಲು ಬರುವುದಿಲ್ಲ, ಎಲ್ಲರಿಗೂ ದಿನಾಂಕ ಕೊಟ್ಟುಬಿಡುತ್ತಾನೆ, ಕೂಡಲೇ ಹಿಂದಿರುಗಬೇಕು ಎಂದಿತ್ತು. ಗುಮಾಸ್ತರು ಪತ್ರವನ್ನು ಎರಡು ಸಲ ಓದಿ ಹೆಂಡತಿಗೆ ಕೊಟ್ಟರು. ಅವಳು ಓದಿ ಅಮ್ಮನ ಮುಖ ನೋಡಿದಳು.

"ಜೀಪು ಯಾವಾಗ ಬರುತ್ತಂತೆ?" ಎಂದರು ಅತ್ತೆ.

"ನಾಡಿದ್ದು."

"ನಾಡಿದ್ದಾ! ಅವಳು ಇನ್ನೂ ಯಾರಿಗೂ ಹೂಂ ಅಂದಿಲ್ಲ!"

ಗುಮಾಸ್ತರು ಬಿಳಿ ಹಾಳೆ ತೆಗೆದುಕೊಂಡು ಕುಳಿತರು. "ಮಾನ್ಯರೇ, ಮನೆಯಲ್ಲಿ ಹುಡುಗಿಯೊಬ್ಬಳ ಮದುವೆಯ ಮಾತುಕತೆ ನಡೆಯುತ್ತಿದ್ದು, ಹಿರಿಯರಲ್ಲಿ ಇನ್ನೂ ಒಮ್ಮತ ಮೂಡದ ಕಾರಣ, ಎರಡು ತಿಂಗಳ ಕಾಲ ಇಲ್ಲೇ ಮುಂದುವರಿಯಲು ಅನುಮತಿ..." ಎಂದು ಬರೆಯುತ್ತಿದ್ದಂತೆ ಒಳಗಿನಿಂದ ಅತ್ತೆಯ ಧ್ವನಿ ಬಂತು.

"ಅಳಿಯಂದಿರೇ, ಅರ್ಜಿ ಆಮೇಲೆ ಬರೀರಿ! ಇನ್ಸ್‌ಪೆಕ್ಟರು ಮಳೇಲಿ ನೆನೀತಾ ನಿಂತಿದಾನೆ. ಅವಳು ಬಾಗಿಲು ತೆಗೆದಳೋ ಇಲ್ವೋ, ಮೊದಲು ಅದನ್ನ ಹೇಳಿ!"